ಮೋನಪ್ಪನ ಬ್ಯಾಂಕ್ ಪರೀಕ್ಷೆ

ತ್ರಿಪ್ಲಿಕೇನಿನಲ್ಲಿ ವರ್ಷಗಟ್ಟಲೆ ಹೋಟೆಲು ನಡೆಸಿದರೂ ಕಾರ್ಕಳದ ಮೋನಪ್ಪನಿಗೆ ಮದರಾಸು ಪರದೇಶವೇ. ಪರದೇಶದ ಬ್ಯಾಂಕನ್ನು ಸುಮ್ಮನೆ ನಂಬುವುದುಂಟೇ? ಗಿರಾಕಿಗಳನ್ನು ತಮಿಳಿನಲ್ಲೇ ನಗಿಸುವ ಈ ಮನುಷ್ಯ, ಬ್ಯಾಂಕಿನ ಮೆಟ್ಟಿಲು ಹತ್ತಿದೊಡನೆ ತಮಿಳು ಬಾರದವನಾಗಿಬಿಡುತ್ತಾನೆ. ಹರಕು ಪಂಚೆ ಉಟ್ಟು, ಕೊಡೆ ತಬ್ಬಿಕೊಂಡು, ಕನ್ನಡದಲ್ಲೇ ಏನೇನೋ ಕೇಳುತ್ತಾನೆ. ಗದರಿದ ಬ್ಯಾಂಕು ನಪಾಸು, ನಕ್ಕ ಬ್ಯಾಂಕೂ ನಪಾಸು. "ನಿಮಗೆಂತ ಮರುಳಾ? ಸೀದಾ ತಮಿಳಲ್ಲಿ ಕೇಳಿದರಾಗದಾ?" ಎಂದು ಹೆಂಡತಿ ಜಲಜಾಕ್ಷಿ ಪ್ರತಿ ಸಲವೂ ನಗುತ್ತಾಳೆ. ಮೊನ್ನೆ ಒಂದು ಬ್ಯಾಂಕಿನ ಗುಮಾಸ್ತ, ಒಂದಕ್ಷರವೂ ಅರ್ಥವಾಗದಿದ್ದರೂ, ಎದ್ದು ಬಂದು ಕುರ್ಚಿ ಎಳೆದು ಕೂರಿಸಿ ನೀರು ಕೊಟ್ಟನಂತೆ. "ಇದೇ ಆಯ್ತು ಮಾರಾಯ್ತಿ," ಎಂದ ಮೋನಪ್ಪ. "ನನಗೇನೋ ತಮಿಳು ಬರ್ತದೆ. ನಾನಿಲ್ಲದ ದಿನ ನೀನೊಬ್ಬಳೇ ಅಲ್ಲಿಗೆ ಹೋಗ್ಬೇಕಲ್ಲ." ಆ ದಿನ ಜಲಜಾಕ್ಷಿ ನಗಲಿಲ್ಲ, ಹರಕು ಪಂಚೆಯನ್ನು ಒಗೆದು, ಮಡಿಸಿ, ತನ್ನ ಸೀರೆಗಳ ನಡುವೆ ಇಟ್ಟಳು.