ಗಂಡನ ವೀಸಾ

ಅಸ್ಮಾ ನನಗೆ ಗೊತ್ತಾದದ್ದು ಸಿಂಧನೂರಿನ ಒಂದು ಖಾಸಗಿ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ. ನಾನು ಲಿಂಗಸುಗೂರಿನವಳು, ಅವಳು ಮಸ್ಕಿಯವಳು, ಇಬ್ಬರೂ ನರ್ಸು. ನೋವು ತಿನ್ನುವ ಹೆಂಗಸರು ಅವಳ ಕೈಯನ್ನೇ ಹುಡುಕಿ ಹಿಡಿಯುತ್ತಿದ್ದರು. ದಢೇಸುಗೂರಿನಿಂದ ಬಂದ ಮುದುಕಿಯೊಬ್ಬಳಂತೂ, "ಆ ಸಾಬರ ಹುಡುಗಿ ಇದ್ರಷ್ಟ ನಮ್ಮ ಸೊಸಿನ್ನ ಒಳಗ ಕಳಸ್ತೀನಿ" ಎಂದು ಹಟ ಹಿಡಿದಿದ್ದಳು. ಆದರೆ ಅಸ್ಮಾಳ ಸಿಟ್ಟು ಬೇರೆ ಜಾತಿಯದು. ಒಮ್ಮೆ ಒಬ್ಬ ಆಯಾ ಇವಳ ಮೇಲೆ ಡಾಕ್ಟರ್ ಹತ್ತಿರ ಸುಳ್ಳು ಚಾಡಿ ಹೇಳಿದಳು. ಅಸ್ಮಾ ಜಗಳ ಮಾಡಲಿಲ್ಲ, ಮಾತು ಬಿಡಲೂ ಇಲ್ಲ. ಆದರೆ ಆ ಆಯಾ ಕೆಲಸ ಬಿಟ್ಟು ಹೋಗುವ ತನಕ ಅವಳ ಕೈಯಿಂದ ಒಂದು ಕಪ್ ಚಹಾ ಇಸಿದುಕೊಳ್ಳಲಿಲ್ಲ. ನಾವೆಲ್ಲ ಅದನ್ನು ತಮಾಷೆ ಎಂದುಕೊಂಡಿದ್ದೆವು.

ಅವಳ ಅಪ್ಪ ನನ್ನೇಸಾಬ ಮಸ್ಕಿಯಲ್ಲಿ ಗಾದಿ, ದಿಂಬು ತುಂಬುವವರು. ಮಗಳು ರಾಯಚೂರಿನಲ್ಲಿ ನರ್ಸಿಂಗ್ ಓದುವಾಗ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹಾಸ್ಟೆಲಿಗೆ ಬರುತ್ತಿದ್ದರಂತೆ. ಹುಬ್ಬಿನ ಮೇಲೆ ಹತ್ತಿ ಹಾಗೇ ಇರುತ್ತಿತ್ತು. ಗೇಟಿನ ಮುಂದೆ ಎಲ್ಲರೂ ನೋಡುತ್ತಿರುವಾಗಲೇ ಅದನ್ನು ಒಂದೊಂದೇ ಎಳೆ ಬಿಡಿಸುತ್ತ ನಿಲ್ಲುತ್ತಿದ್ದೆ ಎಂದು ಅವಳೇ ಹೇಳಿದ್ದಳು.

ಮದುವೆಯಾದದ್ದು ಸಿಂಧನೂರಿನ ನಿಯಾಜ್ ಜೊತೆ. ಪೈಪು, ಮೋಟಾರು ಮಾರುವ ಅಂಗಡಿ ಅವರದು, ಅಣ್ಣ ಆಸೀಮ್ ಮತ್ತು ಇವನು ಪಾಲುದಾರರು. ಕಾಲುವೆ ಕಡೆಯ ರೈತರೆಲ್ಲ ಅಲ್ಲಿಗೇ ಬರುತ್ತಿದ್ದರು. ನಿಯಾಜ್ ಕೆಟ್ಟ ಚಟದವನಲ್ಲ. ಹೆಂಡತಿಗೆ ಎಂದೂ ಹೊಡೆದವನಲ್ಲ. ಒಂದೇ ಹುಚ್ಚು, ಗಲ್ಫಿಗೆ ಹೋಗಬೇಕು. ಆದರೆ ಕೂಲಿಯಾಗಿ ಅಲ್ಲ. ಗೆಳೆಯರು ಊರಿಗೆ ಬಂದಾಗ ಹಚ್ಚಿಕೊಂಡಿರುತ್ತಿದ್ದ ಅತ್ತರಿನ ವಾಸನೆ ಅವನ ತಲೆಗೆ ಏರಿತ್ತು.

ಆ ದಿನ ನಿಯಾಜನ ತಂಗಿಯನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಬೆಳಿಗ್ಗೆ ಮಸ್ಕಿಯಿಂದ ಅವಳ ತಾಯಿ ಜುಬೇದಾಬೀ ಫೋನ್ ಮಾಡಿದರು. ನನ್ನೇಸಾಬರಿಗೆ ಎದೆನೋವು ಬಂದಿದೆ, ಲಿಂಗಸುಗೂರಿಗೆ ಕರೆದುಕೊಂಡು ಹೋಗುತ್ತಿದ್ದೇವೆ ಎಂದು. ಅಸ್ಮಾ ಬುರ್ಖಾ ಹಾಕಿಕೊಂಡು ಹೊರಟಳು. ಅತ್ತೆ ಶಂಶಾದ್‌ಬೀ ಬಾಗಿಲಲ್ಲಿ ನಿಂತು, "ಅಲ್ಲಿ ಡಾಕ್ಟರ್ ಅದಾರ. ಇಲ್ಲಿ ಬಿರಿಯಾನಿ ಯಾರು ಮಾಡ್ತಾರ?" ಎಂದರು. ನಿಯಾಜ್ ಅವಳ ಕೈಯಿಂದ ಮೊಬೈಲ್, ಪರ್ಸ್ ತೆಗೆದುಕೊಂಡು, "ಮಂದಿ ಊಟ ಆಗ್ಲಿ, ನಾನ ಕರ್ಕೊಂಡು ಹೋಗ್ತೀನಿ" ಎಂದ. ಗಟ್ಟಿ ದನಿಯಲ್ಲೂ ಹೇಳಲಿಲ್ಲ. ಮೊಬೈಲನ್ನು ಕಿಸೆಗೆ ಹಾಕಿಕೊಂಡ.

ಅವಳು ಅಡುಗೆ ಮಾಡಿದಳು. ಬಂದವರಿಗೆ ಬಡಿಸಿದಳು. ಊಟ ಮುಗಿದು, ಹರಟೆ ಮುಗಿದು, ಅವರು ಎದ್ದು ಹೋದ ಮೇಲೆ ನಿಯಾಜ್ ಕಾರು ತಂದ. ಮಸ್ಕಿ ದಾಟುವಾಗ ಅವರ ಓಣಿಯ ಬಾಯಲ್ಲಿ ಜನ ನಿಂತಿದ್ದರು. ಕಾರು ಲಿಂಗಸುಗೂರಿಗೆ ಹೋಗಬೇಕಾಗಲಿಲ್ಲ.

ಸಾವು ಯಾರ ಕೈಯಲ್ಲಿದೆ ಎಂದು ಅವಳು ಅದನ್ನೂ ನುಂಗಿಕೊಳ್ಳುತ್ತಿದ್ದಳೇನೋ. ಆದರೆ ಸತ್ತ ಮೂರನೇ ದಿನದ ಜಿಯಾರತ್‌ಗೆ, ಹೆಂಗಸರೆಲ್ಲ ಕೂತಿದ್ದಾಗ, ಜುಬೇದಾಬೀ ಮಗಳನ್ನು ಕೇಳಿದರು, "ನಡುಮಧ್ಯಾಹ್ನ ಫೋನ್ ಮಾಡಿದ್ದೆನಲ್ಲ, ನಿನ್ನ ಗಂಡ ಎತ್ತಿದ್ದ. ನಿಮ್ಮ ಅಬ್ಬಾ ನಿನ್ನ ಹೆಸರ ಹಿಡಕೊಂಡು ಕುಂತಾರ, ಉಳಿಯಂಗಿಲ್ಲ, ಲಗೂ ಕಳಸು ಅಂದೆ. ಹೂಂ ಅಂದ. ನೀ ಯಾಕ ಬರಲಿಲ್ಲ?"

ನಡುಮಧ್ಯಾಹ್ನ ನಿಯಾಜ್ ಅಡುಗೆಮನೆಗೆ ಬಂದು, ಇನ್ನೊಂದು ತಟ್ಟೆ ಕಬಾಬ್ ಕೊಡು ಎಂದು ಕೇಳಿದ್ದ. ಅಷ್ಟೇ ಹೇಳಿದ್ದ.

ಅಸ್ಮಾ ಕೆಲಸಕ್ಕೆ ಮರಳಿದಾಗ ಇದನ್ನು ನನಗೆ ಲೇಬರ್ ರೂಮಿನ ಹೊರಗೆ ನಿಂತು ಹೇಳಿದಳು. ಅಳಲಿಲ್ಲ. ಅತ್ತವಳು ನಾನು.

"ಬಿಟ್ಟು ಬಾ" ಎಂದೆ.

"ಬಿಟ್ಟು ಬಂದ್ರ ಅವನಿಗೇನು ಹೋತು? ಇನ್ನೊಂದು ಮದಿವಿ ಮಾಡ್ಕೊಂತಾನ. ವಸೀಮಾನ್ನ ಅವನ ಅಮ್ಮ ಇಟಗೊಂತಾಳ. ನಾ ಇದನ್ನ ಹಂಗ ಬಿಡಂಗಿಲ್ಲ, ಪದ್ಮಾ."

ವಸೀಮಾ ಅವಳ ಮಗಳು. ಆಗಿನ್ನೂ ಅಂಗನವಾಡಿಗೆ ಹೋಗುತ್ತಿತ್ತು.

ಮನೆಯಲ್ಲಿ ಅಸ್ಮಾ ಮೊದಲಿಗಿಂತ ಮೆತ್ತಗಾದಳು. ಗಂಡನ ಅಂಗಿ ತಾನೇ ಇಸ್ತ್ರಿ ಮಾಡಿದಳು. ಶಂಶಾದ್‌ಬೀ, ಸೊಸೆಗೆ ಈಗ ಬುದ್ಧಿ ಬಂತು ಎಂದು ಓಣಿಯಲ್ಲಿ ಹೇಳಿಕೊಂಡು ತಿರುಗಿದರು. ಶಾರ್ಜಾದ ಒಂದು ಆಸ್ಪತ್ರೆಗೆ ನರ್ಸುಗಳು ಬೇಕಾಗಿದ್ದಾರೆ ಎಂಬ ಸುದ್ದಿ ಬಂದಾಗ ಅವಳು ಅದನ್ನು ಗಂಡನ ಕಿವಿಗೆ ಬೀಳುವಂತೆ ಫೋನಿನಲ್ಲಿ ನನ್ನ ಜೊತೆ ಮಾತಾಡಿದಳು. "ನಾ ಎಲ್ಲಿ ಹೋಗ್ಲಿ ಬಿಡ, ಮನಿ ಬಿಟ್ಟು" ಎಂದೂ ಸೇರಿಸಿದಳು. ನಿಯಾಜ್ ಬಲೆಗೆ ತಾನಾಗಿ ಬಂದು ಬಿದ್ದ. ಹೈದರಾಬಾದಿನ ಇಂಟರ್‌ವ್ಯೂಗೆ ಅವನೇ ಕರೆದುಕೊಂಡು ಹೋದ.

"ನೀ ಮೊದ್ಲು ಹೋಗು. ಆಮ್ಯಾಲ ಫ್ಯಾಮಿಲಿ ವೀಸಾ ಹಾಕು" ಎಂದನಂತೆ.

"ನೀವು ಹ್ಯಾಂಗ ಹೇಳ್ತೀರಿ ಹಂಗ" ಎಂದಳಂತೆ ಅವಳು.

ಹೋಗುವ ಮುಂಚೆ ನನ್ನನ್ನು ಕಾಣಲು ಬಂದಳು. "ಅವನ ಬಾಯಾಗಿಂದನ ಬರ್ಲಿ ಅಂತ ಕಾದಿದ್ದೆ" ಎಂದಳು. ಅವಳ ಮುಖದಲ್ಲಿ ಸಂತೋಷ ಇತ್ತೆಂದು ಹೇಳಲಾರೆ. ಒಲೆ ಹೊತ್ತಿಕೊಂಡಿತು ಎಂಬ ಸಮಾಧಾನ ಇತ್ತು.

ಅಲ್ಲಿ ಅವಳ ಕೆಲಸ ಗಟ್ಟಿಯಾದ ಮೇಲೆ ಮಗಳ ವೀಸಾದ ಮಾತು ತೆಗೆದಳು. ತಾಯಿಯ ಹೆಸರಿನ ಮೇಲೆ ಮಗುವನ್ನು ಅಲ್ಲಿ ಇಟ್ಟುಕೊಳ್ಳಬೇಕಾದರೆ ತಂದೆ ನನ್ನ ತಕರಾರಿಲ್ಲ ಎಂದು ಬರೆದು ಕೊಡಬೇಕು. ಮದುವೆಯ ಸರ್ಟಿಫಿಕೇಟು, ಮಗುವಿನ ಜನ್ಮದಾಖಲೆ ಬೆಂಗಳೂರಿನಲ್ಲೊಂದು, ದಿಲ್ಲಿಯಲ್ಲೊಂದು ಠಸ್ಸೆ ಹಾಕಿಸಿಕೊಂಡು ಬರಬೇಕು. ನಿಯಾಜ್ ಎಲ್ಲದಕ್ಕೂ ತಾನೇ ಓಡಾಡಿದ. ಮಗಳ ಶಾಲೆ ಶುರುವಾಗುತ್ತದೆ, ಅವಳ ಫೈಲು ಮೊದಲು ಹೋಗಲಿ, ನಿಮ್ಮದು ಅದರ ಬೆನ್ನಿಗೆ ಎಂದು ಅಸ್ಮಾ ಹೇಳಿದ್ದಳು. ಲಿಂಗಸುಗೂರಿನಲ್ಲಿ ಗುರುತಿನ ವಕೀಲ ವಿರೇಶನ ಮುಂದೆ ಕೂತು ಅವನು ಆ ಒಪ್ಪಿಗೆಗೆ ಸಹಿ ಹಾಕಿದ. ವಿರೇಶ, "ಓದ್ರಿ ಒಂದ್ಸಲ" ಎಂದನಂತೆ. "ನನ್ನ ಹೆಂಡ್ತಿ ಕಳಸ್ಯಾಳ, ಓದೋದೇನೈತಿ" ಎಂದು ನಕ್ಕನಂತೆ ನಿಯಾಜ್.

ಜುಬೇದಾಬೀ ವಿಸಿಟ್ ವೀಸಾದಲ್ಲಿ ಮೊಮ್ಮಗಳನ್ನು ಕರೆದುಕೊಂಡು ಹೊರಟರು. ನಿಯಾಜನೇ ವಿಮಾನ ನಿಲ್ದಾಣದ ತನಕ ಹೋಗಿ ಬೀಳ್ಕೊಟ್ಟು ಬಂದ.

ಆಮೇಲೆ ಅವನ ಸಡಗರ ಶುರುವಾಯಿತು. ಅಂಗಡಿಯ ಪಾಲನ್ನು ಅಣ್ಣನಿಗೆ ಬರೆದುಕೊಟ್ಟ. ಹಾಗೆ ಮಾಡು ಎಂದು ಅಸ್ಮಾ ಹೇಳಿರಲಿಲ್ಲ. ಮಾಡಲೇ ಎಂದು ಅವನು ಕೇಳಿದಾಗ, "ನೀವು ಇಲ್ಲಿಗೆ ಬಂದ ಮ್ಯಾಲ ಅದನ್ನ ಯಾರು ನೋಡ್ತಾರ?" ಎಂದಷ್ಟೇ ಕೇಳಿದ್ದಳು. ಬಂಧುಗಳಿಗೆಲ್ಲ ದಾವತ್ ಕೊಟ್ಟ. ಹೊಸ ಸೂಟು ಹೊಲಿಸಿದ. ಬಜಾರಿನಲ್ಲಿ ಎದುರಾದವರಿಗೆಲ್ಲ ಕೈಕುಲುಕಿ, "ಬರೋ ತಿಂಗಳ ಹೊಂಟೀನಿ" ಎಂದ. ಆ ತಿಂಗಳು ಬಂತು, ಹೋಯಿತು. ಕಂಪನಿಯ ಪತ್ರ ಬಂದಿಲ್ಲ ಎಂದಳು ಅಸ್ಮಾ. ಆಮೇಲೆ ಮನೆಯ ಬಾಡಿಗೆ ಕರಾರು ಅವಳ ಹೆಸರಿಗೆ ಆಗಿಲ್ಲ ಎಂದಳು. ಆಮೇಲೆ ರಂಜಾನ್, ಕಚೇರಿಗಳೆಲ್ಲ ನಿಧಾನ ಎಂದಳು. ನಿಯಾಜ್ ಬಜಾರಿಗೆ ಹೋಗುವುದನ್ನು ಬಿಟ್ಟ. ಹಿಂದೆ ಕೂಗುವವರು ಅವನಿಗೆ ಒಂದು ಹೆಸರಿಟ್ಟಿದ್ದರು, ವೀಸಾ ಸೇಠ.

ಅಸ್ಮಾ ನನಗೆ ಫೋನ್ ಮಾಡಿದಾಗಲೆಲ್ಲ ಮೊದಲು ಕೇಳುತ್ತಿದ್ದದ್ದು ಇದನ್ನೇ, "ಹ್ಯಾಂಗ ಅದಾನ? ಸೊರಗ್ಯಾನೇನು?" ನಾನು ಚುಟುಕಾಗಿ ಮುಗಿಸಿದರೆ, "ಹೇಳ, ಪೂರ್ತಿ ಹೇಳ" ಎಂದು ಒತ್ತಾಯ ಮಾಡುತ್ತಿದ್ದಳು. ಅವನು ಸೂಟನ್ನು ಕವರಿನಿಂದ ತೆಗೆದು ಬಿಸಿಲಿಗೆ ಹಾಕಿದ್ದನ್ನು ನೋಡಿದೆ ಎಂದು ಒಮ್ಮೆ ಹೇಳಿದೆ. "ಯಾವ ಬಣ್ಣದ್ದು?" ಎಂದಳು.

ಒಂದು ದಿನ ನಿಯಾಜ್ ಆಸ್ಪತ್ರೆಗೇ ಬಂದ. ಗಡ್ಡ ಬೆಳೆದಿತ್ತು. "ಸಿಸ್ಟರ್, ಆಕಿ ನನ್ನ ಫೋನ್ ಎತ್ತವಲ್ಲಳು. ನಿಮ್ಮದ್ರಾಗ ಒಂದ್ಸಲ ಹಚ್ಚಿ ಕೊಡ್ರಿ" ಎಂದ. ಕ್ಯಾಂಟೀನಿನ ಮೂಲೆಯಲ್ಲಿ ಕೂರಿಸಿ ವಿಡಿಯೋ ಕರೆ ಮಾಡಿದೆ. ಅಸ್ಮಾ ಸಮವಸ್ತ್ರದಲ್ಲಿದ್ದಳು. ಗಂಡನ ಮುಖ ಕಂಡರೂ ಕರೆ ಕಡಿಯಲಿಲ್ಲ. ಅವನು ದಖನಿ ಉರ್ದುವಿನಲ್ಲಿ ಶುರು ಮಾಡಿದ. ಅವಳು ಕನ್ನಡದಲ್ಲಿ ಉತ್ತರ ಕೊಟ್ಟಳು, ನನಗೂ ತಿಳಿಯಲಿ ಎಂದು.

"ನನ್ನ ಫೈಲು ಎಲ್ಲಿಗೆ ಬಂತು?"

"ನಿನ್ನ ಫೈಲು ಇಲ್ಲ. ನಾ ಹಾಕೇ ಇಲ್ಲ."

ಗಂಡನನ್ನು ಅವಳು ನೀನು ಎಂದದ್ದು ನಾನು ಕೇಳಿದ್ದು ಅದೇ ಮೊದಲು. ಅವನಿಗೆ ಮೊದಲು ಅರ್ಥವಾಗಲಿಲ್ಲ. ಯಾವಾಗ ಹಾಕ್ತಿ ಎಂದು ಕೇಳಿದ.

"ಅವತ್ತು ನಮ್ಮಮ್ಮ ಫೋನ್ ಮಾಡಿ ಏನ ಹೇಳಿದ್ಲು?"

ನಿಯಾಜ್ ಮೊಬೈಲನ್ನು ಮುಖದಿಂದ ಸ್ವಲ್ಪ ದೂರ ಹಿಡಿದ. "ಯಾವತ್ತು?"

"ನೀ ಕಬಾಬ್ ಕೇಳಾಕ ಬಂದಿದ್ದ್ಯಲ್ಲ, ಅವತ್ತು."

"ಮನಿಯಾಗ ಮಂದಿ ಇದ್ರು. ತಂಗಿ ಮದಿವಿ ಮಾತು ಕೆಡತಿತ್ತು. ನೀ ಹೋಗಿದ್ರ ಅವರು ಬದುಕತಿದ್ರೇನು?"

"ಇಲ್ಲ. ಆದ್ರ ನನ್ನ ಮುಖ ನೋಡಿ ಸಾಯ್ತಿದ್ರು."

"ನಾ ನಿನ್ನ ಗಂಡ, ಅಸ್ಮಾ. ಊರಾಗ ನನ್ನ ಮಾನ ಹೋಗೇತಿ. ಮೊದ್ಲ ಹೇಳಬಾರದಿತ್ತಾ?"

"ಬ್ಯಾರೆಯವರಾಗಿದ್ರ ಮೊದ್ಲ ಹೇಳಿಬಿಡ್ತಿದ್ದೆ. ಗಂಡ ಅಂತನ ಇಷ್ಟು ಕಾಯಿಸಿದೆ." ಅವಳ ದನಿ ಏರಲಿಲ್ಲ. "ಪದ್ಮಾಗ ಮೊಬೈಲ್ ಕೊಡು. ನನ್ನ ಡ್ಯೂಟಿ ಐತಿ."

ಅವನು ನನ್ನ ಕೈಗೆ ಮೊಬೈಲ್ ಇಟ್ಟು, ಚಹಾ ಕುಡಿಯದೆ ಎದ್ದು ಹೋದ.

ಪೊಲೀಸ್ ಸ್ಟೇಷನ್ನಿಗೆ ಹೋಗಿ, ಮಗಳನ್ನು ಎತ್ತಿಕೊಂಡು ಹೋಗಿದ್ದಾರೆ ಎಂದು ದೂರು ಕೊಡಲು ನೋಡಿದ. ಒಪ್ಪಿಗೆ ಪತ್ರದ ಮೇಲಿನ ಸಹಿ ಯಾರದು ಎಂದು ಅವರು ಕೇಳಿದರು. ಶಂಶಾದ್‌ಬೀ ಮಸ್ಕಿಗೆ ಬಂದು, ಆಗಲೇ ಊರಿಗೆ ಮರಳಿದ್ದ ಜುಬೇದಾಬೀಯ ಮನೆಯ ಕಟ್ಟೆಯ ಮೇಲೆ ಕೂತರು. "ನಿನ್ನ ಮಗಳಿಗೆ ಒಂದು ಮಾತು ಹೇಳ. ನನ್ನ ಮಗ ಉಣ್ಣವಲ್ಲ" ಎಂದರು. ಜುಬೇದಾಬೀ ನೀರು ಕೊಟ್ಟು, ಚಹಾ ಕೊಟ್ಟು, "ನಾನೂ ಅವತ್ತು ನಿನ್ನ ಮಗಗ ಒಂದ ಮಾತ ಹೇಳಿದ್ದೆ, ಬೂಬೂ" ಎಂದು ಒಳಗೆ ಹೋದರಂತೆ.

ಅಸ್ಮಾ ಖುಲಾ ಕೇಳಿದಳು, ಹೆಂಡತಿಯೇ ಮುಂದಾಗಿ ಬೇಡುವ ತಲಾಖ್ ಅದು. ಆಗ ನಿಯಾಜನಿಗೂ ಒಂದು ಹಿಡಿ ಸಿಕ್ಕಿತು. ಬಿಡುಗಡೆ ಕೊಡುವುದಿಲ್ಲ, ಇದ್ದಷ್ಟು ದಿನ ನನ್ನ ಹೆಸರಿನಲ್ಲೇ ಇರಲಿ ಎಂದು ಕೂತ. ಜಮಾತಿನ ಹಿರಿಯರಾದ ಬುಡ್ಡೇಸಾಬ್ ಎರಡೂ ಕಡೆ ಓಡಾಡಿದರು. "ಇಬ್ರೂ ಕೂಡಿ ಕೂಸನ್ನ ಹರೀಬ್ಯಾಡ್ರಿ" ಎಂದು ಬೈದರು. ಕೊನೆಗೆ ಪ್ರತಿ ಶುಕ್ರವಾರ ವಸೀಮಾ ಅಪ್ಪನ ಜೊತೆ ಫೋನಿನಲ್ಲಿ ಮಾತಾಡಬೇಕು ಎಂಬ ಷರತ್ತಿನ ಮೇಲೆ ಅವನು ಒಪ್ಪಿದ. ಅಸ್ಮಾ ಆ ಷರತ್ತನ್ನು ಇಂದಿಗೂ ಮುರಿದಿಲ್ಲ. ಮಗಳು ಮಾತಾಡುವಾಗ ಮಾತ್ರ ತಾನು ಬೇರೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳಂತೆ.

ಅಣ್ಣನ ಅಂಗಡಿಯಲ್ಲಿ ಆಳಾಗಿ ನಿಲ್ಲಲು ನಿಯಾಜನಿಗೆ ಮನಸ್ಸಾಗಲಿಲ್ಲ. ಸಿಂಧನೂರು ಬಿಟ್ಟು ಲಿಂಗಸುಗೂರಿಗೆ ಬಂದು ಬೇರೆಯವರ ಆಟೋ ಓಡಿಸತೊಡಗಿದ.

ಹೋದ ವರ್ಷ ಅಸ್ಮಾ ರಜೆಗೆ ಬಂದಿದ್ದಳು. ಲಿಂಗಸುಗೂರಿನಲ್ಲಿ ನಾವು ಹೊಸದಾಗಿ ಕಟ್ಟಿದ ಮನೆಗೆ ಊಟಕ್ಕೆ ಕರೆದಿದ್ದೆ. ಮಗಳನ್ನು ಮಸ್ಕಿಯಲ್ಲಿ ಅಜ್ಜಿಯ ಹತ್ತಿರ ಬಿಟ್ಟು ಒಬ್ಬಳೇ ಬಸ್ಸಿಗೆ ಬಂದಳು. ಕರೆದುಕೊಂಡು ಬರಲು ನಾನು ಬಸ್ ನಿಲ್ದಾಣಕ್ಕೆ ಹೋಗಿದ್ದೆ. ಹೊರಗೆ ಆಟೋಗಳ ಸಾಲು. ಮುಂದಿನ ಆಟೋದವನು ಕರೆದರೂ ಅವಳು ನಿಲ್ಲಲಿಲ್ಲ. ಸಾಲಿನುದ್ದಕ್ಕೂ ಮುಖ ನೋಡುತ್ತ ನಡೆದು, ಕೊನೆಯಲ್ಲಿದ್ದ ಆಟೋದ ಹತ್ತಿರ ನಿಂತು, ಹತ್ತಿ ಕೂತಳು. ಖಾಕಿ ಅಂಗಿಯ ನಿಯಾಜ್ ತಿರುಗಿ ನೋಡಿದ. ನಾನು ಅವಳ ಪಕ್ಕದಲ್ಲಿ ಕೂತು ವಿಳಾಸ ಹೇಳಿದೆ.

ಅರ್ಧ ದಾರಿಯಲ್ಲಿ ಅವನು ಕೇಳಿದ, "ವಸೀಮಾನ್ನ ಕರ್ಕೊಂಡು ಬಂದೀಯೇನು?"

ಅಸ್ಮಾ ರಸ್ತೆ ನೋಡುತ್ತಿದ್ದಳು.

"ಒಂದ್ಸಲ ಕಣ್ಣಿಂದ ನೋಡಿದ್ರ ಸಾಕು. ಮಾತೂ ಆಡಂಗಿಲ್ಲ."

ಮನೆಯ ಮುಂದೆ ಇಳಿದು, ಅವಳು ಪರ್ಸ್ ತೆಗೆದಳು. "ಎಷ್ಟಾತ್ರೀ?" ಎಂದಳು, ಗುರುತಿಲ್ಲದ ಡ್ರೈವರನ್ನು ಕೇಳುವ ಹಾಗೆ. ಅವನು ಹ್ಯಾಂಡಲ್ ಹಿಡಿದು ಮುಂದಿನ ರಸ್ತೆ ನೋಡಿದ. ಅವಳು ನೋಟೊಂದನ್ನು ಸೀಟಿನ ಮೇಲೆ ಇಟ್ಟು ಒಳಗೆ ಬಂದಳು. ಆಟೋ ಬಹಳ ಹೊತ್ತು ಅಲ್ಲೇ ನಿಂತಿತ್ತು. ಎಂಜಿನ್ ಸದ್ದು ಒಳಗೆ ಕೇಳುತ್ತಿತ್ತು.

"ಇಷ್ಟು ಸಾಕಾಗಲಿಲ್ಲೇನು ನಿನಗ?" ಎಂದೆ. "ಕೂಸನ್ನರ ತೋರಿಸು."

"ಸಾಕಾಗಿಲ್ಲ" ಎಂದಳು. "ಸಾಕಾಗ್ತದಂತ ನಾನೂ ತಿಳಕೊಂಡಿದ್ದೆ, ಪದ್ಮಾ. ಆಗವಲ್ದು. ಊಟಕ್ಕ ಏನ ಮಾಡಿದಿ?"

ಬದನೆಕಾಯಿ ಎಣ್ಣೆಗಾಯಿ, ರೊಟ್ಟಿ, ಹುಳಿಬಾನ ಮಾಡಿದ್ದೆ. ಕೈ ತೊಳೆದುಕೊಂಡು ಕೂತು, ಹೊಟ್ಟೆ ತುಂಬ ಉಂಡಳು.