ಲಿನಕ್ಸ್ ಮತ್ತು ಅತ್ತೆಯ ಸೀರೆ

‘ಅಳಿಸಲೇ?’ ಎಂದು ಯಾರಾದರೂ ಕೇಳಿದರೆ ನನ್ನ ಎದೆ ಈಗಲೂ ಡವಗುಟ್ಟುತ್ತದೆ. ಕೇಳಿದ್ದು ಕರಿಹಲಗೆಯ ಮುಂದೆ ಡಸ್ಟರ್ ಹಿಡಿದು ನಿಂತ ಹುಡುಗನಾದರೂ ಅಷ್ಟೇ.

ಇಳಕಲ್ಲಿನ ನಮ್ಮ ಮನೆಯಲ್ಲಿ ಆಗ ಎರಡು ಕಂಪ್ಯೂಟರುಗಳಿದ್ದವು. ಕೆಳಗಿನದು ಸೀರೆ ವ್ಯಾಪಾರ ಮಾಡುವ ಹೆಂಡತಿಯದು. ಮಾಳಿಗೆಯ ಮೇಲಿನದು ಮಾಸ್ತರನಾದ ನನ್ನದು, ಬ್ಯಾಟರಿ ಕೆಟ್ಟ ಒಂದು ಮುದಿ ಲ್ಯಾಪ್‌ಟಾಪ್. ಅವಳು ತೆಗೆದ ಸೀರೆಗಳ ಫೋಟೊಗಳೆಲ್ಲ ನನ್ನದರಲ್ಲೇ ಇದ್ದುದರಿಂದ, ಗಿರಾಕಿ ಬಂದಾಗಲೆಲ್ಲ ಅವಳು ಮೆಟ್ಟಿಲು ಹತ್ತಬೇಕಾಗಿತ್ತು. ಅದರಲ್ಲಿದ್ದ ವಿಂಡೋಸಿನ ಬದಲು ಲಿನಕ್ಸ್ ಹಾಕಿ ಒಂದು ವೈರ್ ಎಳೆದರೆ ಎರಡೂ ಕಂಪ್ಯೂಟರುಗಳು ಫೋಟೊ ಹಂಚಿಕೊಳ್ಳುತ್ತವೆ, ಕೆಳಗೇ ಕುಳಿತು ನೋಡಬಹುದೆಂದು ಪತ್ರಿಕೆಯೊಂದರಲ್ಲಿ ಓದಿದೆ. ಸಿ.ಡಿ.ಯನ್ನೂ ಪತ್ರಿಕೆಯವರೇ ಪುಕ್ಕಟೆ ಕೊಟ್ಟಿದ್ದರು. ಪುಕ್ಕಟೆ ಸಿಕ್ಕಿದ್ದನ್ನು ಬಿಟ್ಟವರುಂಟೇ?

ಆ ಫೋಟೊಗಳಲ್ಲಿ ಒಂದು, ತೀರಿಹೋದ ನನ್ನ ಅತ್ತೆಯ, ಎಂದರೆ ಹೆಂಡತಿಯ ತಾಯಿಯ, ಮದುವೆ ಸೀರೆಯದು. ಹರಿದಿದೆಯೆಂದು ಹೆಂಡತಿ ಆ ಸೀರೆಯನ್ನು ಪಾತ್ರೆ ಮಾರುವವಳಿಗೆ ಕೊಟ್ಟು ಸ್ಟೀಲಿನ ಬೋಗಾಣಿ ತೆಗೆದುಕೊಂಡಿದ್ದಳು. ಆಮೇಲೆ ಮನಸ್ಸು ತಡೆಯದೆ ಬಸ್ ಸ್ಟ್ಯಾಂಡಿನ ತನಕ ಅವಳನ್ನು ಹುಡುಕಿ ಬರಿಗೈಲಿ ಮರಳಿದ್ದಳು. ಕೊಡುವ ಮುಂಚೆ ಸೆರಗಿನ ಫೋಟೊ ತೆಗೆದಿದ್ದಳಲ್ಲ, ಉಳಿದದ್ದು ಅದೊಂದೇ.

ವಿಂಡೋಸ್ ಇದ್ದ ಭಾಗವನ್ನಷ್ಟೇ ಅಳಿಸಿ ಫೋಟೊಗಳಿದ್ದ ಭಾಗವನ್ನು ಹಾಗೇ ಬಿಡಬೇಕಿತ್ತು. ಆದರೆ ‘ಸಿ’, ‘ಡಿ’ ಎಂದು ನನಗೆ ಪರಿಚಯವಿದ್ದ ಆ ಭಾಗಗಳು ಇಲ್ಲಿ ಬೇರೆಯೇ ಹೆಸರಿಟ್ಟುಕೊಂಡು ನಿಂತಿದ್ದವು. ‘ಅಳಿಸಲೇ?’ ಎಂದಿತು ಯಂತ್ರ. ಇರಲಾರದೆ ಇರುವೆ ಬಿಟ್ಟುಕೊಂಡೆನಲ್ಲ ಎಂದು ಬೆವರಿದೆ. ಬೆನ್ನ ಹಿಂದೆ ಹೆಂಡತಿ ನಿಂತಿದ್ದಳು.

“ನಾ ಸೀರಿ ಕೊಟ್ಟು ಬೋಗಾಣಿ ತಗೊಂಡೆ. ನೀವು ಫೋಟೊ ಕೊಟ್ಟು ಏನ್ ತಗೋತೀರಿ?”

“ಏನೂ ಆಗಂಗಿಲ್ಲ, ಸುಮ್ನಿರು,” ಎಂದೆ. ಆ ದನಿಯನ್ನು ನಾನೇ ನಂಬಲಿಲ್ಲ. ಅಳತೆ ನೋಡಿ, ಸಣ್ಣ ಭಾಗವೇ ವಿಂಡೋಸಿನದಿರಬೇಕೆಂದು ಊಹಿಸಿ ಗುಂಡಿ ಒತ್ತಿದೆ. ದಾಸೋಹದ ನಾಡಿನವರು ನಾವು, ಇದ್ದದ್ದನ್ನು ಹಂಚಿಕೊಂಡು ಉಣ್ಣುವುದನ್ನು ನಮಗೆ ಯಾರೂ ಕಲಿಸಬೇಕಿಲ್ಲ. ಆದರೆ ಹಂಚುವ ಮುಂಚೆ ಅಳಿಸಬೇಕೆಂದು ಯಾವ ಶರಣರೂ ಹೇಳಿರಲಿಲ್ಲ. ಕರೆಂಟು ಹೋದರೇನು ಗತಿ ಎಂಬ ಇನ್ನೊಂದು ಚಿಂತೆಯೂ ಆಗಲೇ ಹೊಳೆಯಬೇಕೇ?

ಕರೆಂಟು ಹೋಗಲಿಲ್ಲ. ಸಂಜೆ ವೈರ್ ಎಳೆದು ಜೋಡಿಸಿದಾಗ ಕೆಳಗಿನ ಪರದೆಯ ಮೇಲೆ ಅತ್ತೆಯ ಕೆಂಪು ಸೆರಗು ಮೂಡಿತು. ನನಗೆ ಕುಣಿಯುವಷ್ಟು ಖುಷಿ. ಹೆಂಡತಿ ಪರದೆಯನ್ನು ಬೆರಳಿನಿಂದ ಸವರಿ ಕೇಳಿದಳು: “ಮ್ಯಾಲಿಂದು ಕೆಟ್ರ ಇದು ಉಳಿತೈತೇನ್ರಿ?”

“ಇಲ್ಲ. ಇರೂದು ಒಂದ. ಎರಡು ಕಡಿ ಕಾಣತೈತಿ, ಅಷ್ಟ.”

“ಹಂಗಾರ ಅಂಜಿಕಿ ಒಂದು ಕಡಿ ಇತ್ತು, ಈಗ ಎರಡು ಕಡಿ ಆತು.”

ನನ್ನ ಖುಷಿ ಅಲ್ಲಿಗೇ ಇಳಿಯಿತು. ಅವಳು ಮಾತ್ರ ತನ್ನ ಪ್ರಿಂಟರಿನಲ್ಲಿ ಆ ಫೋಟೊ ತೆಗೆದು, ಮಡಚದೆ, ಅದೇ ಬೋಗಾಣಿಯೊಳಗಿಟ್ಟು ಮುಚ್ಚಳ ಮುಚ್ಚಿದಳು. ಅಂದಿನಿಂದ ಅದರಲ್ಲಿ ಹಾಲು ಕಾಯಿಸಿಲ್ಲ.

ಲ್ಯಾಪ್‌ಟಾಪ್ ಸತ್ತು ಎಷ್ಟೋ ಕಾಲವಾಯಿತು. ಬೀದಿಯಲ್ಲಿ ಪಾತ್ರೆ ಮಾರುವವಳ ಕೂಗು ಕೇಳಿದರೆ ಈಗಲೂ ನಾನು ಓದುವುದನ್ನು ಬಿಟ್ಟು ಅಡುಗೆಮನೆಗೆ ಹೋಗುತ್ತೇನೆ, ಬೋಗಾಣಿ ಅಲ್ಲೇ ಇದೆಯೇ ಎಂದು ನೋಡಲು. ಅಲ್ಲಿ ಹೆಂಡತಿ ನನಗಿಂತ ಮೊದಲೇ ಬಂದು ನಿಂತಿರುತ್ತಾಳೆ.