ಅಮ್ಮ ಹೊಡೆಯದ ಕಾಯಿ

ಪೀಣ್ಯದಲ್ಲಿ ಎರಡು ಲೇತ್ ವರ್ಕ್‌ಶಾಪುಗಳ ನಡುವೆ ಒಂದು ಬಾಡಿಗೆ ಹಾಲ್. ಕಲಿಕೆಯಲ್ಲಿ ನಿಧಾನವಾದ, ಹದಿನೆಂಟು ದಾಟಿದ ಮಕ್ಕಳಿಗೆ ಅಲ್ಲಿ ಪ್ರತಿ ಶನಿವಾರ ಆಟದ ತರಗತಿ. ನನ್ನ ಮಗಳಿಗೆ ಇಪ್ಪತ್ತು. ಹೊರಡುವ ಮುನ್ನ ಕನ್ನಡಿಯ ಮುಂದೆ ನಿಂತು ಕ್ಲಿಪ್ಪನ್ನು ಮೂರು ಸಲ ಬಿಚ್ಚಿ ಮೂರು ಸಲ ಹಾಕಿಕೊಳ್ಳುತ್ತಿದ್ದಳು.

ಆಟವೆಂದರೆ ಹೊತ್ತು ಕಳೆಯುವುದು ಎಂದುಕೊಂಡಿದ್ದೆ. ಟೀಚರ್ ಮೊದಲ ದಿನವೇ ತಿದ್ದಿದರು. "ಸರದಿ ಬರೋ ತನಕ ಕಾಯೋದು, ಸೋಲೋದು, ಸೋತ ಮೇಲೂ ಎದ್ದುಹೋಗದೆ ಕೂರೋದು. ಇಷ್ಟು ಬಂದ್ರೆ ಅಮ್ಮ ಇಲ್ದೆ ಬದುಕ್ತಾರೆ ಮೇಡಂ."

ಮಾಕಳಿಯಲ್ಲಿ ಇಂಥ ನಾಲ್ವರು ಹುಡುಗಿಯರು, ನೋಡಿಕೊಳ್ಳುವ ಒಬ್ಬ ಅಕ್ಕನ ಜೊತೆ ಒಂದು ಮನೆಯಲ್ಲಿದ್ದರು. ತಾವೇ ಅಡುಗೆ ಮಾಡಿಕೊಂಡು, ಹತ್ತಿರದ ಕಾರ್ಖಾನೆಗೆ ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತಿದ್ದರು. ಆ ಮನೆಯಲ್ಲಿ ಒಂದು ಜಾಗ ಖಾಲಿಯಾಗಿತ್ತು; ಯಾರಿಗೆಂದು ಟೀಚರೇ ಹೇಳಬೇಕಿತ್ತು. ಇವಳು ಆ ಮನೆ ನೋಡಿ ಬಂದಾಗಿನಿಂದ, "ನನ್ನ ಮಂಚ ಕಿಟಕಿ ಹತ್ರ" ಎಂದು ಹಾಲಿನವನಿಗೂ ಹೇಳುತ್ತಿದ್ದಳು. ನಾನು ಹೋದ ಮೇಲೆ ಇವಳಿಗೆ ಯಾರು ಎಂಬ ನನ್ನ ಚಿಂತೆಗೂ ಆ ಕಿಟಕಿಯೊಂದೇ ದಾರಿ.

ಆರನೆಯ ಶನಿವಾರ ಚೌಕಾಬಾರ. ಟೀಚರ್ ನೆಲದ ಮೇಲೆ ಸೀಮೆಸುಣ್ಣದಲ್ಲಿ ಮನೆಗಳನ್ನು ಬರೆದರು. ಎದುರಿಗೆ ಕೂತವಳು ರಾಯಚೂರು ಕಡೆಯ ಕಟ್ಟಡ ಕೆಲಸದವರ ಮಗಳು. ನಾನು ಬಾಗಿಲಾಚೆ, ಚಪ್ಪಲಿಗಳ ಪಕ್ಕ ನೆಮ್ಮದಿಯಾಗಿ ಕೂತಿದ್ದೆ. ಮನೆಯಲ್ಲಿ ನಾವಿಬ್ಬರೂ ದಿನಾ ಆಡುವ ಆಟವಲ್ಲವೇ.

ಆ ಹುಡುಗಿ ಕವಡೆ ಎಸೆದು, ಬೆರಳಿಟ್ಟು ಎಣಿಸಿ, ಇವಳ ಕಾಯಿಯಾಗಿದ್ದ ಬಳೆಚೂರನ್ನು ಹೊರಗಿಟ್ಟಳು. "ನಿನ್ ಕಾಯಿ ಹೊಡದ್ನಿ ನೋಡು. ಮತ್ತ ಮೊದಲಿಂದ ಬಾ."

ಇವಳು ಅದನ್ನೆತ್ತಿ ಇದ್ದಲ್ಲೇ ಇಟ್ಟಳು. "ನನ್ನ ಕಾಯಿ ಹೊಡೆಯಂಗಿಲ್ಲ."

"ಯಾಕ? ನೀ ಏನ್ ರಾಣಿ ಅದಿಯೇನ?"

"ಅಮ್ಮ ಹೊಡೆಯಲ್ಲ."

ಎಲ್ಲರೂ ನಕ್ಕರು, ಕೆಟ್ಟ ನಗೆಯೇನಲ್ಲ. ಇವಳು ಕವಡೆಗಳನ್ನು ಚೆಲ್ಲಿ, ಗೋಡೆಗೆ ಮುಖ ಮಾಡಿ ಕೂತುಬಿಟ್ಟಳು. ಟೀಚರ್ ಎಷ್ಟು ಕರೆದರೂ ತಿರುಗಲಿಲ್ಲ.

ಮನೆಯ ಆಟದಲ್ಲಿ ಇವಳ ಕಾಯಿ ಹೊಡೆತಕ್ಕೆ ಸಿಕ್ಕಾಗಲೆಲ್ಲ ನಾನು ಬೇರೆ ಕಾಯಿ ನಡೆಸುತ್ತಿದ್ದೆ, ವರ್ಷಗಟ್ಟಲೆ. ನನಗದು ಮುದ್ದು. ಇವಳಿಗೆ ಅದೇ ಆಟದ ನಿಯಮವಾಗಿತ್ತು. ನಾನು ಓದಿದ ಕಾನ್ವೆಂಟಿನಲ್ಲಿ ಸೋತವರು ಗೆದ್ದವರ ಕೈ ಕುಲುಕದೆ ಮೈದಾನ ಬಿಡುವಂತಿರಲಿಲ್ಲ. ಸಿಸ್ಟರ್ ನಿಂತು ನೋಡುತ್ತಿದ್ದರು. ಅಷ್ಟನ್ನೂ ನಾನು ಇವಳಿಗೆ ಕಲಿಸಲಿಲ್ಲ.

ಮುಂದಿನ ವಾರ ಮಾಕಳಿಯ ಜಾಗ ರಾಯಚೂರಿನ ಹುಡುಗಿಗೆ ಹೋಯಿತು. "ಒಂದಾಟ ನೋಡಿ ಹೇಳ್ತಿಲ್ಲ ಮೇಡಂ," ಎಂದರು ಟೀಚರ್. "ಕೇರಂನಲ್ಲಿ ಸೋತ ದಿನಾನೂ ಹಿಂಗೇ ಗೋಡೆ ಕಡೆ ತಿರುಗಿದ್ಲು. ಮತ್ತೆ ಜಾಗ ಆದಾಗ ನೋಡೋಣ."

ಅಂದು ಸಂಜೆ ಮನೆಯಲ್ಲಿ ಆಡಲು ಕೂತೆವು. ಇವಳ ಕಾಯಿ ಸಿಕ್ಕಿತು. ಹೊಡೆದೆ.

"ಅಮ್ಮ, ತಪ್ಪು," ಎಂದಳು, ನನ್ನನ್ನು ತಿದ್ದುವ ದನಿಯಲ್ಲಿ.

"ತಪ್ಪಲ್ಲ ಕಂದ. ಹೊಡೀಬಹುದು."

"ಯಾವಾಗಿಂದ?"

"ಮೊದಲಿಂದಾನೂ."

ಇವಳು ತನ್ನ ನಾಲ್ಕೂ ಕಾಯಿಗಳನ್ನು ಮುಷ್ಟಿಯಲ್ಲಿ ಹಿಡಿದು, ನನ್ನಿಂದ ಒಂದು ಮೊಳ ದೂರ ಸರಿದು ಕೂತಳು.